ಕೇಳುವವರ ಕುರ್ಚಿ

ಬಸ್ಸಿನಲ್ಲಿ ಕುಳಿತು ಪತ್ರಿಕೆ ಓದುವುದು ನನ್ನಂಥ ನಿವೃತ್ತ ಉಪಾಧ್ಯಾಯನಿಗೆ ಒಂದು ವ್ಯಸನ. ಅದರಲ್ಲಿ ಒಂದು ಅಪಾಯವೂ ಉಂಟು. ಪಕ್ಕದಲ್ಲಿ ಕುಳಿತವರು ಪತ್ರಿಕೆಯ ಅರ್ಧ ಪುಟವನ್ನು ತಾವೇ ಓದಿಕೊಳ್ಳುತ್ತಾರೆ. ಉಳಿದರ್ಧವನ್ನು ನಮ್ಮ ಬಾಯಿಂದ ಕೇಳಿ ತಿಳಿಯುತ್ತಾರೆ. ಮೊನ್ನೆ ಶ್ರೀರಂಗಪಟ್ಟಣದಲ್ಲಿ ಪಾಂಡವಪುರದ ಬಸ್ಸು ಹತ್ತಿ ಪತ್ರಿಕೆ ಬಿಡಿಸಿದಾಗಲೂ ಹಾಗೆಯೇ ಆಯಿತು. ಹೆಗಲ ಮೇಲೆ ಟವಲು, ತೊಡೆಯ ಮೇಲೆ ಗೊಬ್ಬರದ ಖಾಲಿ ಚೀಲಗಳ ಕಟ್ಟು ಇಟ್ಟುಕೊಂಡಿದ್ದ ಹಿರಿಯ ರೈತರೊಬ್ಬರು ಮೊದಲ ಪುಟದ ದಪ್ಪಕ್ಷರಗಳನ್ನು ನೋಡಿ ಕೇಳಿದರು:

“ಏನಂತೆ ಸ್ವಾಮಿ ಡೆಲ್ಲಿ ಸುದ್ದಿ?”

“ಪಾರ್ಲಿಮೆಂಟಿನಲ್ಲಿ ವಿರೋಧ ಪಕ್ಷದ ನಾಯಕರು ಸರ್ಕಾರವನ್ನು ಪ್ರಶ್ನಿಸಿದ್ದಾರೆ” ಎಂದೆ.

“ಸರಿ. ಸರ್ಕಾರ ಏನಂತು?”

ನಾನು ಪುಟ ತಿರುಗಿಸಿ ನೋಡಿದೆ. “ಗದ್ದಲವಾಯಿತು. ಕಲಾಪವನ್ನು ನಾಳೆಗೆ ಮುಂದೂಡಿದರು.”

“ಹಂಗಾರೆ ಉತ್ತರ ಬರ್ಲಿಲ್ಲ ಅನ್ನಿ” ಎಂದು ಅವರು ಕಿಟಕಿಯ ಕಡೆಗೆ ತಿರುಗಿದರು. ಅವರ ಮಟ್ಟಿಗೆ ಆ ಸುದ್ದಿ ಅಲ್ಲಿಗೆ ಮುಗಿಯಿತು. ದಪ್ಪಕ್ಷರದ ಶೀರ್ಷಿಕೆಯಲ್ಲಿ ಪ್ರಶ್ನೆ ಕೇಳಿದವರ ಹೆಸರಿತ್ತು; ಒಳಗೆ ಯಾರು ಯಾರ ಮೇಲೆ ಕೂಗಿದರೆಂಬ ವಿವರವೂ ಇತ್ತು. ಉತ್ತರ ಮಾತ್ರ ಇರಲಿಲ್ಲ. ಅದು ಇಲ್ಲವೆಂಬುದನ್ನು ಆ ರೈತರು ಹೇಳುವವರೆಗೆ ನಾನು ಗಮನಿಸಿಯೂ ಇರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪೌರನೀತಿಯ ಪಾಠ ಹೇಳಿದವನಿಗೆ ಇದು ಅಭಿಮಾನದ ಮಾತಲ್ಲ.

ನನ್ನ ಪ್ರಯಾಣ ಸ್ವಲ್ಪ ಸುತ್ತುಬಳಸಿನದಾಗಿತ್ತು. ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮರುದಿನ ಗ್ರಾಮಸಭೆ. ಅಲ್ಲಿನ ಪಂಚಾಯತಿಯ ಅಧ್ಯಕ್ಷ ನನ್ನ ಹಳೆಯ ವಿದ್ಯಾರ್ಥಿ. “ಒಂದು ಸಲ ಬಂದು ನೋಡಿ ಸಾರ್” ಎಂದು ಬಹಳ ದಿನಗಳಿಂದ ಕರೆಯುತ್ತಿದ್ದ. ನಡುವೆ ಕೃಷ್ಣರಾಜಪೇಟೆಯಲ್ಲಿ ನಂಟರ ಮನೆಯ ಕೆಲಸವೊಂದಿತ್ತು. ಹೀಗಾಗಿ ಶ್ರೀರಂಗಪಟ್ಟಣದಿಂದ ಪಾಂಡವಪುರ, ಅಲ್ಲಿಂದ ಬೂಕನಕೆರೆಯ ಮೇಲೆ ಕೃಷ್ಣರಾಜಪೇಟೆ, ರಾತ್ರಿ ಅಲ್ಲಿ ತಂಗಿ ಬೆಳಿಗ್ಗೆ ನಾಗಮಂಗಲ ಎಂದು ಮಾರ್ಗ ಹಾಕಿಕೊಂಡಿದ್ದೆ. ಈ ನಾಲ್ಕು ತಾಲ್ಲೂಕುಗಳ ಉದ್ದಕ್ಕೂ ಆ ರೈತರ ಮಾತು ನನ್ನ ಜೊತೆಯಲ್ಲಿಯೇ ಪ್ರಯಾಣ ಮಾಡಿತು.

ಆಳುವವರನ್ನು ಪ್ರಜೆ ಪ್ರಶ್ನಿಸಬಹುದೆಂಬ ಭಾವನೆ ನಮ್ಮ ಸೀಮೆಗೆ ಎಂದು ಬಂದಿತು? ಶ್ರೀರಂಗಪಟ್ಟಣದ ಕೋಟೆಯನ್ನು ನೋಡಿದರೆ ಅದು ಪ್ರಶ್ನೆಗಳಿಗಾಗಿ ಕಟ್ಟಿದ ಸ್ಥಳವೆಂದು ಯಾರಿಗೂ ತೋರದು. ೧೭೯೯ರ ಮೇ ೪ರಂದು ಟಿಪ್ಪು ಸುಲ್ತಾನನು ಇಲ್ಲಿ ಮಡಿದನು, ಆಳುವವರು ಬದಲಾದರು, ಆದರೆ ಪ್ರಜೆ ಮಾತನಾಡಬೇಕಾದರೆ ಹಿಡಿಯಬೇಕಾದ ದಾರಿ ಬದಲಾಗಲಿಲ್ಲ. ಅರ್ಜಿ, ಬಿನ್ನಹ, ಕಾಣಿಕೆ, ಅದೂ ಸಾಗದಿದ್ದರೆ ಮೌನ. ಆ ಮೌನ ಎಷ್ಟು ದಿನ ನಿಂತೀತು? ೧೮೩೦-೩೧ರಲ್ಲಿ ನಗರ ಸೀಮೆಯ ರೈತರು ಊರು ಬಿಟ್ಟು ಬಂದು ಗುಂಪುಗೂಡಿದರು. ಅದಕ್ಕೆ ‘ಕೂಟ’ವೆಂದು ಹೆಸರು. ಕೇಳುವುದಕ್ಕೆ ಸಭೆಯಿಲ್ಲದವರು ಬಯಲನ್ನೇ ಸಭೆ ಮಾಡಿಕೊಂಡರು. ಅದು ದಂಗೆಯಾಗಿ ಬೆಳೆಯಿತು. ೧೮೩೧ರಲ್ಲಿ ರಾಜ್ಯದ ಆಡಳಿತವು ಬ್ರಿಟಿಷರ ಕೈಗೆ ಹೋಯಿತು. ಅದು ಹಿಂದಿರುಗಿ ಬರಲು ಅರ್ಧ ಶತಮಾನ ಬೇಕಾಯಿತು. ಕೇಳಿಸಿಕೊಳ್ಳದ ಆಡಳಿತವು ತನಗೆ ತಾನೇ ಏನು ತಂದುಕೊಳ್ಳುತ್ತದೆಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ಆ ಪಾಠವನ್ನು ಓದಿಕೊಂಡಿದ್ದ ಒಬ್ಬರು ದಿವಾನ್ ಸಿ. ರಂಗಾಚಾರ್ಲು ಅವರೆಂದು ನನ್ನ ನಂಬಿಕೆ. ೧೮೮೧ರಲ್ಲಿ ಆಡಳಿತ ಮಹಾರಾಜರಿಗೆ ಮರಳಿದ ವರ್ಷವೇ ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಆಗಸ್ಟ್ ೨೫ರಂದು ಆಜ್ಞೆ ಹೊರಟಿತು. ಅಕ್ಟೋಬರ್ ೭ರಂದು, ದಸರಾ ಸಮಯದಲ್ಲಿ, ಮೈಸೂರಿನಲ್ಲಿ ೧೪೪ ಮಂದಿ ಸದಸ್ಯರು ಸೇರಿದರು. ದಿವಾನರು ಎದ್ದು ನಿಂತು ರಾಜ್ಯದ ಆದಾಯವಿಷ್ಟು, ವೆಚ್ಚವಿಷ್ಟು ಎಂದು ಆ ರೈತರ, ವರ್ತಕರ ಮುಂದೆ ಓದಿ ಹೇಳಿದರು. ಇಂದು ಇದು ಸಾಮಾನ್ಯವಾಗಿ ಕಾಣಬಹುದು. ಆದರೆ ಆ ಕಾಲದಲ್ಲಿ ತಾಲ್ಲೂಕಿನ ಅಮಲ್ದಾರರ ಮುಂದೆ ಕುಳಿತುಕೊಳ್ಳಲು ಹಿಂಜರಿಯುತ್ತಿದ್ದ ಹಳ್ಳಿಯ ಪಟೇಲನೊಬ್ಬನು ದಿವಾನರ ಲೆಕ್ಕವನ್ನು ಕುಳಿತು ಕೇಳಿದನೆಂಬುದನ್ನು ಕಲ್ಪಿಸಿಕೊಳ್ಳಿ. ಸದಸ್ಯರಿಗೆ ಮತ ಹಾಕುವ ಅಧಿಕಾರವಿರಲಿಲ್ಲ. ಸರ್ಕಾರವನ್ನು ಇಳಿಸುವ ಮಾತಂತೂ ಇರಲೇ ಇಲ್ಲ. ತಮ್ಮ ತಮ್ಮ ತಾಲ್ಲೂಕಿನ ಅಹವಾಲು ಹೇಳಿಕೊಳ್ಳಬಹುದಿತ್ತು, ಅಷ್ಟೆ. ಆ ಅಷ್ಟರಲ್ಲಿಯೇ ಒಂದು ಬೀಜವಿತ್ತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. ೧೯೨೩ರಲ್ಲಿ ಎರಡು ಸಭೆಗಳಿಗೂ ಶಾಸನದ ಬಲ ಒದಗಿತು. ೧೯೪೯ರ ಡಿಸೆಂಬರಿನಲ್ಲಿ ಅವು ವಿಸರ್ಜನೆಗೊಂಡವು. ೧೯೫೨ರ ಜೂನ್ ೧೮ರಂದು, ಎಲ್ಲ ವಯಸ್ಕರ ಮತದಿಂದ ಆಯ್ಕೆಯಾದ ವಿಧಾನಸಭೆಯು ಬೆಂಗಳೂರಿನ ಅಠಾರ ಕಚೇರಿಯಲ್ಲಿ ಮೊದಲ ಸಲ ಸೇರಿತು. ಅಹವಾಲು ಪ್ರಶ್ನೆಯಾಗಿ ಬೆಳೆಯಲು ಎಪ್ಪತ್ತೊಂದು ವರ್ಷ ಹಿಡಿಯಿತೆಂದಾಯಿತು.

ಬಸ್ಸು ನಾಲೆಯ ಮೇಲೆ ಸಾಗುತ್ತಿದ್ದಾಗ ಪಕ್ಕದ ರೈತರು ನೀರನ್ನು ನೋಡಿ ತಮ್ಮಷ್ಟಕ್ಕೆ ಏನೋ ಲೆಕ್ಕ ಹಾಕಿದರು. ನಮ್ಮ ಕಡೆಯವರು ಬೇಸಿಗೆ ಬಂದಿತೆಂದರೆ ಪಂಚಾಂಗ ನೋಡುವುದನ್ನು ಬಿಟ್ಟು ಕನ್ನಂಬಾಡಿ ಕಟ್ಟೆಯ ಮಟ್ಟವನ್ನು ನೋಡುತ್ತಾರೆ. ೧೨೪.೮೦ ಅಡಿ ತುಂಬಿದರೆ ಹಬ್ಬ. ನೂರರ ಕೆಳಗೆ ಇಳಿದರೆ ಮನೆಯ ಮದುವೆಯನ್ನು ಮುಂದಕ್ಕೆ ಹಾಕುತ್ತಾರೆ. ೧೯೧೧ರಲ್ಲಿ ಆರಂಭವಾದ ಆ ಕಟ್ಟೆ ಮುಗಿದದ್ದು ೧೯೩೦ರ ದಶಕದ ಮೊದಲಲ್ಲಿ. ಹುಲಿಕೆರೆಯ ಸುರಂಗದಿಂದ ಹೊರಟ ಇರ್ವಿನ್ ನಾಲೆ ಮಂಡ್ಯದ ಬಯಲಿಗೆ ನೀರು ತಂದಿತು. ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು ಬಂದಿತು. ನೀರಿನೊಡನೆ ಪ್ರಶ್ನೆಯೂ ಬಂದಿತೆಂಬುದು ಗಮನಾರ್ಹ. ನಾಲೆಯ ಕಂದಾಯ, ವಂತಿಗೆಗಳ ವಿಷಯವಾಗಿ ಎಚ್.ಕೆ. ವೀರಣ್ಣಗೌಡರೇ ಮೊದಲಾದವರ ಮುಂದಾಳುತನದಲ್ಲಿ ಅಂದಿನ ರೈತರು ಸರ್ಕಾರವನ್ನು ಕೇಳಿದರು. ಒಣಗಿದ ಹೊಲದವನು ದೇವರನ್ನು ಕೇಳುತ್ತಾನೆ. ನಾಲೆಯ ನೀರು ಉಂಡವನು ಸರ್ಕಾರವನ್ನು ಕೇಳುತ್ತಾನೆ. ಏಕೆಂದರೆ ತೂಬಿನ ಬೀಗದ ಕೈ ಯಾರ ಬಳಿ ಇದೆಯೆಂದು ಅವನು ಬಲ್ಲ.

ಪಾಂಡವಪುರದಲ್ಲಿ ಇಳಿದೆ. ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಳ್ಳುತ್ತಿದ್ದ ಈ ಊರು, ಅದರ ನೆತ್ತಿಯ ಮೇಲಿನ ಕುಂತಿಬೆಟ್ಟ, ನನಗೆ ಅತಿ ಪರಿಚಿತ. ಈ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಬಹುಕಾಲ ಕೆಲಸ ಮಾಡಿದೆ. ಒಂದು ಮಧ್ಯಾಹ್ನದ ನೆನಪು ಅಲ್ಲಿನ ನಿಲ್ದಾಣದಲ್ಲಿ ಮುಂದಿನ ಬಸ್ಸಿಗಾಗಿ ಕಾಯುತ್ತ ನಿಂತಿದ್ದಾಗ ಮರುಕಳಿಸಿತು; ನಿಜ ಹೇಳಬೇಕೆಂದರೆ ಅದು ಎಂದೂ ಬಹಳ ದೂರ ಹೋದದ್ದಲ್ಲ.

ಹತ್ತನೆಯ ತರಗತಿ. ಪಾರ್ಲಿಮೆಂಟಿನ ಪಾಠ. ಲೋಕಸಭೆಯ ಬೆಳಗಿನ ಮೊದಲ ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಯು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರ ಹೇಳಬೇಕು, ಅದರ ಮೇಲೆ ಪೂರಕ ಪ್ರಶ್ನೆಗಳನ್ನೂ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ನಾನು ಇಷ್ಟನ್ನೂ ಕರಿಹಲಗೆಯ ಮೇಲೆ ಅಂದವಾಗಿ ಬರೆದಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. ನಾಗಮಂಗಲದ ಕಡೆಯ ಒಣ ಸೀಮೆಯವನು. ಓದಿಗಾಗಿ ಇಲ್ಲಿ ಸೋದರಮಾವನ ಮನೆಯಲ್ಲಿದ್ದ.

“ಸಾರ್, ಇಲ್ಲಿ ನಾಲೆ ತುಂಬ ನೀರಿದೆ. ನಮ್ಮೂರ ಕೆರೆ ಐದು ವರ್ಷದಿಂದ ತುಂಬಿಲ್ಲ. ಅದನ್ನ ಅಲ್ಲಿ ಯಾರು ಕೇಳ್ತಾರೆ? ಕೇಳಿದ್ರೂ ಅವರು ಹೇಳದೆ ಇದ್ರೆ ಏನು ಮಾಡೋದು?”

ಪ್ರಶ್ನೋತ್ತರದ ಪಾಠ ಹೇಳುತ್ತಿದ್ದ ನಾನು ಏನೆಂದೆ? “ಪರೀಕ್ಷೆಗೆ ಬರದದ್ದನ್ನು ಕೇಳಬೇಡ. ಕೂತುಕೋ.”

ಅವನು ಕುಳಿತ. ಆ ವರ್ಷವೆಲ್ಲ ಮತ್ತೆ ಏಳಲಿಲ್ಲ. ತರಗತಿಯಲ್ಲಿ ಶಿಸ್ತು ಚೆನ್ನಾಗಿತ್ತೆಂದು ಮುಖ್ಯೋಪಾಧ್ಯಾಯರು ಮೆಚ್ಚಿಕೊಂಡರು. ನಾನು ಮಾಡಿದ್ದೇನೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಅನಂತರ, ಸಭೆಗಳ ಕಲಾಪ ಮುಂದೂಡಿದ ಸುದ್ದಿಗಳನ್ನು ಓದಿ ಮಂತ್ರಿಗಳನ್ನು ಹಳಿಯುತ್ತ ಕುಳಿತಿದ್ದ ಒಂದು ದಿನ. ಉತ್ತರ ಗೊತ್ತಿಲ್ಲದವನ ಬಾಯಲ್ಲಿ ಮೊದಲು ಬರುವ ಮಾತು ‘ಕೂತುಕೋ’ ಎಂಬುದು. ಅದು ಪಾರ್ಲಿಮೆಂಟಿನಲ್ಲಿ ಹುಟ್ಟಿದ ಮಾತಲ್ಲ. ನಾವು ಮನೆಗಳಲ್ಲಿ, ಶಾಲೆಗಳಲ್ಲಿ ಅಭ್ಯಾಸ ಮಾಡಿಸಿ ಅಲ್ಲಿಗೆ ಕಳುಹಿಸಿದ ಮಾತು.

ಬೂಕನಕೆರೆಯ ಬಸ್ಸು ತಡವಾಗಿ ಬಂದಿತು. ಪಾಂಡವಪುರ ಬಿಟ್ಟು ಹೊರಟಾಗ ನಾನು ಈ ಸೀಮೆಯ ಇನ್ನೊಂದು ವಿಶೇಷವನ್ನು ಆಲೋಚಿಸುತ್ತಿದ್ದೆ. ಸಾಹಿತ್ಯಾಸಕ್ತರಿಗೆ ಮೇಲುಕೋಟೆಯೆಂದರೆ ಪು.ತಿ. ನರಸಿಂಹಾಚಾರ್ಯರ ಊರು; ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯೆಂದರೆ ಕೆ.ಎಸ್. ನರಸಿಂಹಸ್ವಾಮಿಯವರ ಊರು. ಇದು ಎಲ್ಲರೂ ಬಲ್ಲ ಸಂಗತಿ. ಆದರೆ ಇದೇ ಎರಡು ತಾಲ್ಲೂಕುಗಳು, ಎರಡು ರಾಜ್ಯಗಳ ವಿಧಾನಸಭೆಗಳಿಗೆ ಒಬ್ಬೊಬ್ಬ ವಿರೋಧ ಪಕ್ಷದ ನಾಯಕರನ್ನು ಕೊಟ್ಟಿವೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ೧೯೪೮ರ ಫೆಬ್ರವರಿ ೨೪ರಂದು ಜಯಲಲಿತಾ ಹುಟ್ಟಿದರು. ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ೧೯೪೩ರ ಫೆಬ್ರವರಿ ೨೭ರಂದು ಬಿ.ಎಸ್. ಯಡಿಯೂರಪ್ಪನವರು ಹುಟ್ಟಿದರು. ಒಬ್ಬರು ತಮಿಳುನಾಡಿಗೆ ಹೋದರು. ಇನ್ನೊಬ್ಬರು ಶಿಕಾರಿಪುರಕ್ಕೆ ಹೋದರು. ಇಬ್ಬರೂ ಮುಖ್ಯಮಂತ್ರಿಗಳಾದದ್ದು ಲೋಕಪ್ರಸಿದ್ಧ. ಅದಕ್ಕೂ ಮುಂಚೆ ಇಬ್ಬರೂ ಎದುರು ಸಾಲಿನಲ್ಲಿ, ಕೇಳುವವರ ಕುರ್ಚಿಯಲ್ಲಿ ಕುಳಿತಿದ್ದರು.

ಜಯಲಲಿತಾ ೧೯೮೯ರಲ್ಲಿ ತಮಿಳುನಾಡಿನ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕಿಯಾದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರು. ಆ ವರ್ಷದ ಮಾರ್ಚ್ ೨೫ರಂದು, ಆಯವ್ಯಯದ ದಿನ, ಸಭೆಯಲ್ಲಿ ಕೈಕೈ ಮಿಲಾಯಿಸುವವರೆಗೆ ಹೋಯಿತು. ಅವರು ಕೆದರಿದ ತಲೆಗೂದಲಿನಲ್ಲಿ ಹೊರಬಂದರು. ಅಂದು ನಡೆದದ್ದನ್ನು ಎರಡು ಪಕ್ಷಗಳೂ ಎರಡು ಬಗೆಯಾಗಿ ಹೇಳಿದವು. ಯಾರ ಮಾತು ಸರಿಯೆಂಬ ವಾದಕ್ಕೆ ನಾನು ಹೋಗುವುದಿಲ್ಲ. ಮಾತಿನ ಮನೆಯಲ್ಲಿ ಮಾತು ಸೋತಿತೆಂಬುದು ಮಾತ್ರ ನಿಶ್ಚಯ. ಎರಡು ವರ್ಷಗಳ ಮೇಲೆ, ೧೯೯೧ರಲ್ಲಿ, ಅವರು ಮುಖ್ಯಮಂತ್ರಿಯಾಗಿಯೇ ಆ ಸಭೆಗೆ ಮರಳಿದರು.

ಯಡಿಯೂರಪ್ಪನವರು ೧೯೮೩ರಲ್ಲಿ ವಿಧಾನಸಭೆ ಪ್ರವೇಶಿಸಿದರು. ೧೯೮೫ರ ಚುನಾವಣೆಯ ಅನಂತರ ಅವರ ಪಕ್ಷಕ್ಕೆ ಅಲ್ಲಿದ್ದ ಸ್ಥಾನಗಳು ಎರಡೇ. ೧೯೯೪ರ ಚುನಾವಣೆಯ ತರುವಾಯ ಅವರು ವಿರೋಧ ಪಕ್ಷದ ನಾಯಕರಾದರು. ೨೦೦೪ರಲ್ಲಿ ಮತ್ತೆ ಅದೇ ಸ್ಥಾನ. ಕೇಳುವುದರಲ್ಲಿ ಅವರ ಧ್ವನಿ ಎಷ್ಟು ಗಡುಸಾಗಿತ್ತೆಂಬುದು ಆ ಕಾಲದ ಪತ್ರಿಕೆಗಳನ್ನು ಓದಿದವರಿಗೆ ತಿಳಿದಿದೆ. ೨೦೦೮ರಲ್ಲಿ ಅವರು ಮುಖ್ಯಮಂತ್ರಿಗಳಾದ ಮೇಲೆ ಕುರ್ಚಿಗಳು ಅದಲುಬದಲಾದವು. ಈಗ ಕೇಳುವವರು ಸಿದ್ದರಾಮಯ್ಯನವರು. ವಿಷಯ ಬಳ್ಳಾರಿಯ ಅಕ್ರಮ ಗಣಿ. ಸಭೆಯೊಳಗಿನ ಪ್ರಶ್ನೆ ೨೦೧೦ರ ಜುಲೈ-ಆಗಸ್ಟಿನಲ್ಲಿ ಬೆಂಗಳೂರಿನಿಂದ ಬಳ್ಳಾರಿಯವರೆಗಿನ ಪಾದಯಾತ್ರೆಯಾಯಿತು. ೨೦೧೧ರ ಜುಲೈ ತಿಂಗಳಲ್ಲಿ ಲೋಕಾಯುಕ್ತರ ವರದಿ ಬಂದ ಮೇಲೆ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ೨೦೧೬ರಲ್ಲಿ ವಿಶೇಷ ನ್ಯಾಯಾಲಯವು ಗಣಿ ಸಂಬಂಧವಾದ ಲಂಚದ ಪ್ರಕರಣದಲ್ಲಿ ಅವರನ್ನು ದೋಷಮುಕ್ತರೆಂದು ತೀರ್ಮಾನಿಸಿತೆಂಬುದನ್ನೂ ಹೇಳಬೇಕು. ೨೦೧೮ರಲ್ಲಿ ಅವರು ಮತ್ತೆ ವಿರೋಧ ಪಕ್ಷದ ನಾಯಕರು. ೨೦೧೯ರಲ್ಲಿ ಮತ್ತೆ ಮುಖ್ಯಮಂತ್ರಿ. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಈ ಎರಡು ಕುರ್ಚಿಗಳ ನಡುವೆ ಇಷ್ಟು ಸಲ ಓಡಾಟ!

ಒಂದು ಸಂಗತಿಯನ್ನು ನೆನೆದರೆ ನನಗೆ ಈಗಲೂ ಬೆರಗು. ೨೦೧೧ರ ಮೇ ತಿಂಗಳ ಮಧ್ಯದಿಂದ ಜುಲೈ ಕೊನೆಯವರೆಗೆ, ಎರಡೂವರೆ ತಿಂಗಳ ಕಾಲ, ಕಾವೇರಿಗಾಗಿ ಹಟ ಹಿಡಿದ ಎರಡು ರಾಜ್ಯಗಳ ಮುಖ್ಯಮಂತ್ರಿಗಳೂ ಈ ಒಂದೇ ಜಿಲ್ಲೆಯಲ್ಲಿ ಹುಟ್ಟಿದವರಾಗಿದ್ದರು. ಮೇಲುಕೋಟೆಯ ಮಗಳು ಆ ದಡದಲ್ಲಿ. ಬೂಕನಕೆರೆಯ ಮಗ ಈ ದಡದಲ್ಲಿ. ಆದರೂ ನದಿಯ ಪ್ರಶ್ನೆಗೆ ಉತ್ತರ ಬಂದದ್ದು ೧೯೯೦ರಲ್ಲಿ ನೇಮಕವಾದ ನ್ಯಾಯಮಂಡಳಿಯ ೨೦೦೭ರ ತೀರ್ಪಿನಿಂದ. ಅದನ್ನು ತಿದ್ದಿದ್ದು ಸುಪ್ರೀಂ ಕೋರ್ಟಿನ ೨೦೧೮ರ ತೀರ್ಪು: ಕರ್ನಾಟಕಕ್ಕೆ ೨೮೪.೭೫, ತಮಿಳುನಾಡಿಗೆ ೪೦೪.೨೫ ಸಾವಿರ ದಶಲಕ್ಷ ಘನ ಅಡಿ. ಹುಟ್ಟಿದ ಊರು ಉತ್ತರ ಕೊಡುವುದಿಲ್ಲ. ಕುಳಿತ ಕುರ್ಚಿ ಉತ್ತರ ಕೊಡಬೇಕು.

ಬೂಕನಕೆರೆ ದಾಟಿ ಕೃಷ್ಣರಾಜಪೇಟೆ ಸೇರುವ ಹೊತ್ತಿಗೆ ಸಂಜೆಯಾಗಿತ್ತು. ನಂಟರ ಮನೆಯಲ್ಲಿ ಊಟವಾದ ಮೇಲೆ ಜಗಲಿಯ ಮೇಲೆ ಮಾತಿಗೆ ಕುಳಿತೆವು. ಮನೆಯ ಯಜಮಾನರಿಗೆ ರಾಜಕೀಯವೆಂದರೆ ತಾತ್ಸಾರ. “ವಿರೋಧ ಪಕ್ಷದವರಿಗೆ ಬೇರೆ ಕೆಲಸವೇನು? ಕೂಗುವುದೇ ಅವರ ಉದ್ಯೋಗ” ಎಂದರು. ಹೀಗೆನ್ನುವವರು ಬಹಳ ಮಂದಿ. ಆದ್ದರಿಂದ ಅವರಿಗೆ ನಾನು ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ.

ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಕೇಳುವುದು ಕೂಗಲ್ಲ, ಒಂದು ಕಟ್ಟುನಿಟ್ಟಾದ ಬರವಣಿಗೆ. ಇಂಗ್ಲೆಂಡಿನಲ್ಲಿ ಇದರ ಮೊದಲ ದಾಖಲೆ ೧೭೨೧ರದು: ಸೌತ್ ಸೀ ಕಂಪೆನಿಯ ಹಗರಣದಲ್ಲಿ ಓಡಿಹೋಗಿದ್ದ ಖಜಾಂಚಿಯು ಸಿಕ್ಕಿಬಿದ್ದನೆಂಬ ಸುದ್ದಿ ನಿಜವೇ ಎಂದು ಒಬ್ಬ ಪ್ರಭು ಸರ್ಕಾರವನ್ನು ಕೇಳಿದ. ಹಣದ ವಿಷಯ, ನಿಜವೇ ಸುಳ್ಳೇ ಎಂಬ ಸಂದೇಹ, ನೇರವಾದ ಕೇಳಿಕೆ. ಅಂದಿನಿಂದ ಇಂದಿನವರೆಗೆ ಒಳ್ಳೆಯ ಪ್ರಶ್ನೆಯ ರೂಪ ಅದೇ. ನಮ್ಮ ಲೋಕಸಭೆಯ ನಿಯಮಗಳು ಇನ್ನೂ ಸೂಕ್ಷ್ಮ. ಪ್ರಶ್ನೆ ಸಾಮಾನ್ಯವಾಗಿ ೧೫೦ ಪದಗಳನ್ನು ಮೀರಬಾರದು. ಅದರಲ್ಲಿ ವಾದವಿರಬಾರದು, ವ್ಯಂಗ್ಯವಿರಬಾರದು, ಆರೋಪ, ವಿಶೇಷಣ, ಮಾನಹಾನಿಯ ಮಾತು ಇರಬಾರದು. ಹದಿನೈದು ದಿನ ಮುಂಚಿತವಾಗಿ ಸೂಚನೆ ಕೊಡಬೇಕು. ದಿನಕ್ಕೆ ಇಪ್ಪತ್ತು ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ, ೨೩೦ಕ್ಕೆ ಲಿಖಿತ ಉತ್ತರ. ಪ್ರಬಂಧ ರಚನೆಯ ಪಾಠ ಹೇಳುವವರೆಲ್ಲ ಈ ನಿಯಮಗಳನ್ನು ಮಕ್ಕಳಿಗೆ ಓದಿಸಬೇಕೆಂದು ನನಗೆ ಅನೇಕ ಸಲ ಅನ್ನಿಸಿದೆ. ವಿಶೇಷಣವಿಲ್ಲದೆ ಕೋಪವನ್ನು ಹೇಳುವುದು ಸಾಮಾನ್ಯ ವಿದ್ಯೆಯಲ್ಲ.

ಅಂಥ ಪ್ರಶ್ನೆಯ ಬಲವೆಷ್ಟೆಂಬುದಕ್ಕೆ ೧೯೬೩ರ ಆಗಸ್ಟ್ ತಿಂಗಳು ಸಾಕ್ಷಿ. ಅವಿಶ್ವಾಸ ನಿರ್ಣಯದ ಚರ್ಚೆಯಲ್ಲಿ, ಆಗತಾನೆ ಲೋಕಸಭೆಗೆ ಆಯ್ಕೆಯಾಗಿ ಬಂದಿದ್ದ ರಾಮಮನೋಹರ ಲೋಹಿಯಾ ಎದ್ದು ನಿಂತು, ದೇಶದ ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದರು. ಪ್ರಧಾನಿ ನೆಹರೂ ಅವರು ಹದಿನೈದಾಣೆಯೆಂದರು. ಮೂರೋ ಹದಿನೈದೋ ಎಂಬುದನ್ನು ಪಂಡಿತರು ಬಹುಕಾಲ ಚರ್ಚಿಸಿದರು. ಆದರೆ ಬಡವನ ದಿನದ ಆದಾಯವೆಷ್ಟೆಂದು ಸರ್ಕಾರವು ಲೆಕ್ಕ ಹಾಕಲೇಬೇಕಾದ ಸ್ಥಿತಿ ಬಂದದ್ದು ಆ ಪ್ರಶ್ನೆಯಿಂದ. ಮತ್ತು ನೆಹರೂ ಅವರು ಕುಳಿತು ಕೇಳಿ, ಎದ್ದು ಉತ್ತರ ಕೊಟ್ಟರೆಂಬುದರಿಂದ. ಈ ಎರಡನೆಯದನ್ನು ನಾವು ಮರೆಯಬಾರದು. ಪ್ರಶ್ನೆ ದೊಡ್ಡದಾಗಬೇಕಾದರೆ ಕೇಳಿಸಿಕೊಳ್ಳುವವನೂ ಸ್ವಲ್ಪ ದೊಡ್ಡವನಾಗಿರಬೇಕು.

‘ವಿರೋಧ’ವೆಂಬ ಪದವೇ ನಮ್ಮ ಜನಕ್ಕೆ ಅಪಶಕುನವಾಗಿ ಕೇಳುತ್ತದೆ. ೧೮೨೬ರಲ್ಲಿ ಇಂಗ್ಲೆಂಡಿನ ಸಭೆಯಲ್ಲಿ ಹಾಬ್‌ಹೌಸ್ ಎಂಬಾತನು ‘ದೊರೆಯವರ ವಿರೋಧ ಪಕ್ಷ’ವೆಂಬ ಮಾತನ್ನು ಆಡಿದಾಗ ಎಲ್ಲರೂ ನಕ್ಕರಂತೆ. ಆ ನಗೆಯೇ ಮುಂದೆ ಸಂಪ್ರದಾಯವಾಯಿತು: ಸರ್ಕಾರವು ದೊರೆಯದಾದರೆ, ಅದನ್ನು ಎದುರಿಸುವವರೂ ದೊರೆಯವರೇ. ನಮ್ಮಲ್ಲಿ ದೊರೆಯ ಸ್ಥಾನದಲ್ಲಿ ಪ್ರಜೆ ಇದ್ದಾನೆ. ಲೋಕಸಭೆಯಲ್ಲಿ ವಿರೋಧ ಪಕ್ಷದ ನಾಯಕನೆಂಬ ಮಾನ್ಯತೆ ಮೊದಲ ಸಲ ದೊರೆತದ್ದು ೧೯೬೯ರಲ್ಲಿ, ರಾಮ್ ಸುಭಗ್ ಸಿಂಗ್ ಅವರಿಗೆ. ೧೯೭೭ರ ಶಾಸನವು ಆ ಸ್ಥಾನಕ್ಕೆ ಸಂಬಳ ಸವಲತ್ತುಗಳನ್ನು ಗೊತ್ತುಮಾಡಿತು. ಸರ್ಕಾರವನ್ನು ಪ್ರಶ್ನಿಸುವುದಕ್ಕೆ ಸರ್ಕಾರದ ಬೊಕ್ಕಸದಿಂದಲೇ ಸಂಬಳ! ಇದರ ಅರ್ಥವನ್ನು ನಾವು ಸಾವಧಾನವಾಗಿ ಯೋಚಿಸಬೇಕು. ಪ್ರಶ್ನಿಸುವುದು ಸರ್ಕಾರಕ್ಕೆ ಮಾಡುವ ಅಪಕಾರವಲ್ಲ, ರಾಜ್ಯದ ಒಂದು ಕೆಲಸವೆಂದು ರಾಜ್ಯವೇ ಒಪ್ಪಿಕೊಂಡಿದೆ. ಹೀಗಿದ್ದರೂ ೨೦೧೪ರಿಂದ ೨೦೨೪ರವರೆಗೆ ಹತ್ತು ವರ್ಷ ಲೋಕಸಭೆಯ ಆ ಕುರ್ಚಿ ಖಾಲಿ ಇತ್ತು. ಸಭೆಯ ಹತ್ತನೆಯ ಒಂದು ಪಾಲಿನಷ್ಟು ಬಲ ಯಾವ ವಿರೋಧ ಪಕ್ಷಕ್ಕೂ ಇರಲಿಲ್ಲವೆಂಬುದು ಕಾರಣ. ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು ೨೦೧೪ರಿಂದ ೨೦೧೯ರವರೆಗೆ ತಮ್ಮ ಪಕ್ಷದ ನಾಯಕರಾಗಿ ಎದ್ದು ನಿಂತು ಕೇಳಿದ್ದು ಆ ಮಾನ್ಯತೆಯಿಲ್ಲದೆಯೇ. ೨೦೨೦ರ ಸೆಪ್ಟೆಂಬರಿನಲ್ಲಿ ಕೋವಿಡ್ ಕಾರಣದಿಂದ ಪ್ರಶ್ನೋತ್ತರದ ಗಂಟೆಯನ್ನೇ ಕೈಬಿಟ್ಟು, ಲಿಖಿತ ಉತ್ತರಗಳನ್ನು ಮಾತ್ರ ಕೊಟ್ಟರು. ರೋಗ ನಿಜ, ಭಯ ನಿಜ. ಆದರೆ ಮನೆಯಲ್ಲಿ ಜ್ವರ ಬಂದಾಗಲೇ ಪ್ರಶ್ನೆಗಳು ಹೆಚ್ಚಲ್ಲವೇ?

“ಎಲ್ಲ ಪಕ್ಷದವರೂ ಒಂದೇ. ಅತ್ತ ಕೂತಾಗ ಒಂದು ಮಾತು, ಇತ್ತ ಕೂತಾಗ ಒಂದು ಮಾತು” ಎಂದರು ಯಜಮಾನರು.

ಅದು ಸತ್ಯ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ನಮ್ಮ ಗಾದೆ ಸಭೆಗಳಿಗೂ ಸಲ್ಲುತ್ತದೆ. ನಿನ್ನೆ ಪ್ರಶ್ನೆ ಕೇಳುವುದು ಪವಿತ್ರವೆಂದವರು ಇಂದು ಅದನ್ನು ಕಾಲಹರಣವೆನ್ನುತ್ತಾರೆ. ನಿನ್ನೆ ಉತ್ತರ ಹೇಳದೆ ನುಣುಚಿಕೊಂಡವರು ಇಂದು ಉತ್ತರಕ್ಕಾಗಿ ಬಾವಿಗಿಳಿಯುತ್ತಾರೆ. ಕೇಳುವವರ ತಪ್ಪೂ ಇದೆ. ಉತ್ತರ ಬರುವ ಮುಂಚೆ ಎದ್ದು ಹೊರಟವನು ಪ್ರಶ್ನೆ ಕೇಳಿದಂತಾಗಲಿಲ್ಲ, ಕಲ್ಲೆಸೆದು ಓಡಿದಂತಾಯಿತು. ಆದರೆ ಅತ್ತೆಯಾದವಳು ತಾನು ಸೊಸೆಯಾಗಿದ್ದ ದಿನವನ್ನು ಮರೆತಳೆಂದು ಸಂಸಾರವನ್ನೇ ಬೇಡವೆನ್ನುವವರುಂಟೇ? ಕುರ್ಚಿ ಬದಲಾಗುವುದೇ ಈ ವ್ಯವಸ್ಥೆಯ ಔಷಧ. ಇಂದು ಉತ್ತರಿಸುವವನು ನಾಳೆ ಕೇಳಬೇಕಾದೀತು. ಇಂದು ಅವನು ಮುಚ್ಚಿದ ಬಾಗಿಲನ್ನು ನಾಳೆ ಅವನೇ ತಟ್ಟಬೇಕಾದೀತು.

ಮಾತಿನ ನಡುವೆ ಕೆ.ಎಸ್. ಪುಟ್ಟಣ್ಣಯ್ಯನವರ ಹೆಸರು ಬಂದಿತು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯವರು. ೧೯೯೪ರಲ್ಲಿ ರೈತಸಂಘದಿಂದ ಪಾಂಡವಪುರದ ಶಾಸಕರು. ೨೦೧೩ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಮೇಲುಕೋಟೆ ಕ್ಷೇತ್ರದ ಶಾಸಕರು. ೨೨೪ ಸ್ಥಾನಗಳ ಸಭೆಯಲ್ಲಿ ಆ ಪಕ್ಷಕ್ಕೆ ಅವರೊಬ್ಬರೇ. ವಿರೋಧ ಪಕ್ಷದ ನಾಯಕನೆಂಬ ಪದವಿ ಅವರ ಹತ್ತಿರಕ್ಕೂ ಬರುವಂತಿರಲಿಲ್ಲ. ಆದರೂ ಹಸಿರು ಶಾಲಿನ ಆ ಒಬ್ಬ ಮನುಷ್ಯ ಎದ್ದು ನಿಂತು ಹಳ್ಳಿಯ ಮಾತಿನಲ್ಲಿ ಕೇಳಿದರೆ, ಎರಡು ಸಾಲಿನವರೂ ನಗುತ್ತ ನಗುತ್ತಲೇ ಕಿವಿಗೊಡುತ್ತಿದ್ದರು. ೨೦೧೮ರ ಫೆಬ್ರವರಿ ೧೮ರಂದು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಮಾತ್ರ ಕೇಳ್ತಿದ್ರು ಬಿಡಿ” ಎಂದರು. ಕೂಗುತ್ತಿದ್ದರು ಎನ್ನಲಿಲ್ಲ. ಕೂಗಿಗೂ ಪ್ರಶ್ನೆಗೂ ಇರುವ ವ್ಯತ್ಯಾಸ ಅವರಿಗೂ ತಿಳಿದಿತ್ತು.

ಮರುದಿನ ನಾಗಮಂಗಲಕ್ಕೆ ಹೊರಟೆ. ಕಬ್ಬು, ಭತ್ತಗಳ ಹಸಿರು ಹಿಂದೆ ಸರಿದು ರಾಗಿ, ಹುರುಳಿಯ ಹೊಲಗಳೂ ತೆಂಗಿನ ತೋಟಗಳೂ ಕಾಣತೊಡಗಿದವು. ನಾಗಮಂಗಲದಲ್ಲಿ ಇಳಿದು ಮತ್ತೊಂದು ಬಸ್ಸು ಹಿಡಿದು ಹಳ್ಳಿ ಸೇರಿದೆ. ಪಂಚಾಯತಿ ಅಧ್ಯಕ್ಷನು ನಿಲ್ದಾಣಕ್ಕೇ ಬಂದಿದ್ದ. ತಲೆ ನರೆತಿದೆ, ಆದರೂ ಹಿಂದಿನ ಬೆಂಚಿನ ಆ ಹುಡುಗನ ಮುಖ ಗುರುತು ಸಿಕ್ಕದೆ ಇರಲಿಲ್ಲ.

ಅಶ್ವತ್ಥಕಟ್ಟೆಯ ಬಳಿ ಶಾಮಿಯಾನ ಹಾಕಿದ್ದರು. ಅರವತ್ತು ಎಪ್ಪತ್ತು ಜನ. ಕಾರ್ಯದರ್ಶಿ ಲೆಕ್ಕ ಓದಿದರು. ಇಷ್ಟು ಆದಾಯ, ಇಷ್ಟು ವೆಚ್ಚ. ರಂಗಾಚಾರ್ಲು ಅವರ ನೆನಪಾಯಿತು. ಓದು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ನಾಲ್ಕು ತಿಂಗಳಿಂದ ತನ್ನ ಪಿಂಚಣಿ ಬಂದಿಲ್ಲ, ಯಾರನ್ನು ಕೇಳಿದರೂ ನಾಳೆ ಬಾ ಅನ್ನುತ್ತಾರೆ, ಲೆಕ್ಕದಲ್ಲಿ ನನ್ನ ದುಡ್ಡು ಎಲ್ಲಿ ಹೋಯಿತು ಹೇಳಿ ಎಂದಳು. ಧ್ವನಿ ನಡುಗುತ್ತಿತ್ತು, ಕೈಯಲ್ಲಿ ಕೋಲೂ ನಡುಗುತ್ತಿತ್ತು. ಮುಂದಿನ ಸಾಲಿನ ಒಂದಿಬ್ಬರು ನಕ್ಕರು. ಒಬ್ಬ ಸದಸ್ಯ, “ಅದು ಇವತ್ತಿನ ವಿಷಯ ಅಲ್ಲ ಕಣಜ್ಜಿ” ಎಂದ.

ನನ್ನ ಹಳೆಯ ವಿದ್ಯಾರ್ಥಿ ಎದ್ದು ನಿಂತ. “ಕೂತ್ಕೊ ಅಜ್ಜಿ” ಎಂದ.

ನನ್ನ ಎದೆ ಹಿಂಡಿದಂತಾಯಿತು. ನಾನು ಕಲಿಸಿದ ಪಾಠವನ್ನು ಇವನು ಒಪ್ಪಿಸುತ್ತಿದ್ದಾನೆಂದುಕೊಂಡೆ. ಆದರೆ ಅವನು ವೇದಿಕೆಯಿಂದ ಒಂದು ಕುರ್ಚಿಯನ್ನು ತಾನೇ ಎತ್ತಿಕೊಂಡು ಹೋಗಿ ಅವಳ ಬಳಿ ಇಟ್ಟ. “ಕೂತ್ಕೊಂಡು ಕೇಳು. ನಿಂತ್ರೆ ಸುಸ್ತಾಗ್ತೀಯ. ಯಾವ ತಿಂಗಳಿಂದ ನಿಂತದೆ, ಮೊದಲಿಂದ ಹೇಳು” ಎಂದ. ಕಾರ್ಯದರ್ಶಿಯ ಕಡೆಗೆ ತಿರುಗಿ ಬರೆದುಕೊಳ್ಳಲು ಹೇಳಿದ. ಮುಂದಿನ ಸಾಲಿನವರು ಸುಮ್ಮನಾದರು.

ಅವಳಿಗೆ ಆ ದಿನ ದುಡ್ಡು ಸಿಕ್ಕಲಿಲ್ಲ. ಯಾವ ಕಾಗದ ಎಲ್ಲಿ ನಿಂತಿದೆಯೆಂಬುದು ಗೊತ್ತಾಯಿತು. ಎರಡು ವಾರದೊಳಗೆ ತಿಳಿಸುವುದಾಗಿ ನಡವಳಿಯ ಪುಸ್ತಕದಲ್ಲಿ ದಾಖಲಾಯಿತು. ಸಭೆ ಮುಗಿದ ಮೇಲೆ ನಾನು ಅವನನ್ನು, “ನಿನ್ನೂರ ಕೆರೆ ತುಂಬಿತೇನಪ್ಪ?” ಎಂದು ಕೇಳಿದೆ. ಅವನು ನನ್ನನ್ನು ಒಂದು ಕ್ಷಣ ನೋಡಿದ. ಅವನಿಗೂ ಆ ಮಧ್ಯಾಹ್ನ ನೆನಪಿತ್ತು.

“ಎರಡು ಸಲ ತುಂಬಿತು ಸಾರ್, ಮತ್ತೆ ಬತ್ತಿತು. ಕೇಳ್ತಾ ಇದ್ದೀವಿ” ಎಂದ.